ಎರಡು ರನ್‌ವೇ ಇದ್ದರೂ ವಿಮಾನ ಆಕಾಶದಲ್ಲೇ ಯಾಕೆ ಸುತ್ತುತ್ತದೆ?

ಪ್ರಶ್ನೆ: ನಾನು ಮಂಗಳೂರಿನವಳು. ಮಗಳ ಬಾಣಂತನಕ್ಕೆಂದು ಹೋದ ತಿಂಗಳು ಮುಂಬೈಗೆ ಸಂಜೆಯ ವಿಮಾನ ಹತ್ತಿದೆ. ಮುಂಬೈ ಹತ್ತಿರ ಬಂದ ಮೇಲೆ ಪೈಲಟ್ "ರನ್‌ವೇ ಕಂಜೆಷನ್" ಎಂದು ಹೇಳಿ ಮುಕ್ಕಾಲು ಗಂಟೆ ಸುತ್ತಿಸಿದರು. ಆಮೇಲೆ ಇಳಿಯಲು ಹೋಗಿ, ಕೆಳಗಿನ ಮನೆಗಳೆಲ್ಲ ಚೆನ್ನಾಗಿ ಕಾಣುವಾಗ, ದಿಢೀರ್ ಎಂದು ಮತ್ತೆ ಮೇಲೆ ಹಾರಿಸಿದರು. ಜೀವ ಬಾಯಿಗೆ ಬಂದಿತ್ತು. ಪಕ್ಕದ ಸೀಟಿನವರು ಮುಂಬೈನಲ್ಲಿ ಎರಡು ರನ್‌ವೇ ಇದೆ ಎಂದರು. ಎರಡಿದ್ದರೆ ಯಾಕೆ ಇಷ್ಟು ಕಾಯಬೇಕು? ಸುತ್ತಿ ಸುತ್ತಿ ಇಂಧನ ಮುಗಿದರೆ ಏನು ಗತಿ? ಇಳಿಸಲು ಜಾಗ ಇಲ್ಲದಿದ್ದರೆ ಮಂಗಳೂರಿನಿಂದ ಹೊರಡಿಸುವುದೇ ಯಾಕೆ?

ಉತ್ತರ: ಮೊದಲು ನಿಮ್ಮ ಹೆದರಿಕೆಯ ವಿಷಯ ಮುಗಿಸೋಣ, ಲೆಕ್ಕಾಚಾರ ಆಮೇಲೆ.

ಮಂಗಳೂರಿನಿಂದ ಮುಂಬೈಗೆ ಹೊರಡುವ ವಿಮಾನಕ್ಕೆ ಮುಂಬೈ ಮುಟ್ಟುವಷ್ಟೇ ಇಂಧನ ತುಂಬಿ ಕಳಿಸುವುದಿಲ್ಲ. ಪ್ರಯಾಣಕ್ಕೆ ಬೇಕಾದಷ್ಟು ಒಂದು ಪಾಲು. ಗಾಳಿ ಎದುರಾದರೆ, ದಾರಿ ಬದಲಾದರೆ ಇರಲಿ ಎಂದು ಇನ್ನಷ್ಟು. ಮುಂಬೈನಲ್ಲಿ ಇಳಿಯಲು ಆಗದೇ ಹೋದರೆ ಬೇರೆ ಊರಿಗೆ ಹೋಗಲು ಬೇಕಾದದ್ದು ಪ್ರತ್ಯೇಕ. ಇವೆಲ್ಲ ಮುಗಿದ ಮೇಲೂ ಮೂವತ್ತು ನಿಮಿಷ ಹಾರುವಷ್ಟು ಇಂಧನ ಟ್ಯಾಂಕಿನಲ್ಲಿ ಉಳಿದಿರಬೇಕು. ಅದು ಮುಟ್ಟಬಾರದ ಗಂಟು. ಮುಂಬೈನಂಥ ಊರಿಗೆ ಹೋಗುವಾಗ ಸುತ್ತುವುದು ಇದ್ದದ್ದೇ ಎಂದು ಪೈಲಟ್‌ಗಳು ಅದಕ್ಕೂ ಸೇರಿಸಿ ಹಾಕಿಸಿಕೊಳ್ಳುತ್ತಾರೆ. ಸುತ್ತುವಾಗ ಅವರ ಒಂದು ಕಣ್ಣು ಇಂಧನದ ಮೀಟರ್ ಮೇಲೇ ಇರುತ್ತದೆ. ಇಂತಿಷ್ಟು ಗಂಟೆಯವರೆಗೆ ಕಾಯುತ್ತೇನೆ, ಆಮೇಲೆ ಅಹಮದಾಬಾದಿಗೋ ಗೋವಾಕ್ಕೋ ಹೋಗುತ್ತೇನೆ ಎಂದು ಅವರು ಮೊದಲೇ ತೀರ್ಮಾನ ಮಾಡಿರುತ್ತಾರೆ. ಇನ್ನು ತಡವಾದರೆ ಕಷ್ಟ ಎನ್ನುವ ಹಂತ ಬಂದರೆ "ಮಿನಿಮಮ್ ಫ್ಯುಯೆಲ್" ಎಂದು ರೇಡಿಯೋದಲ್ಲಿ ಹೇಳುತ್ತಾರೆ. ಆ ಮೂವತ್ತು ನಿಮಿಷದ ಗಂಟಿಗೇ ಕೈ ಹಾಕಬೇಕಾಗುತ್ತದೆ ಎನಿಸಿದರೆ "ಮೇಡೇ ಫ್ಯುಯೆಲ್" ಎನ್ನುತ್ತಾರೆ. ಆಗ ಕೆಳಗೆ ಟವರ್‌ನಲ್ಲಿ ಕೂತು ವಿಮಾನಗಳನ್ನು ನಿಯಂತ್ರಿಸುವ ನಾವು ಎಲ್ಲರನ್ನೂ ಪಕ್ಕಕ್ಕೆ ಸರಿಸಿ ಆ ವಿಮಾನಕ್ಕೆ ದಾರಿ ಬಿಡುತ್ತೇವೆ. ನೀವು ಮುಕ್ಕಾಲು ಗಂಟೆ ಸುತ್ತಿದಿರಿ ಎಂದರೆ ನಿಮ್ಮ ಪೈಲಟ್ ಹತ್ತಿರ ಅಷ್ಟು ಸುತ್ತುವ ಇಂಧನ ಇತ್ತು ಎಂದೇ ಅರ್ಥ.

ಮತ್ತೆ ಮೇಲೆ ಹಾರಿಸಿದ್ದು? ಅದಕ್ಕೆ "ಗೋ ಅರೌಂಡ್" ಎನ್ನುತ್ತೇವೆ. ಒಳಗೆ ಕೂತವರಿಗೆ ಅದು ಎಷ್ಟು ಭಯ ಹುಟ್ಟಿಸುತ್ತದೆ ಎಂದು ನನಗೆ ಗೊತ್ತು. ಎಂಜಿನ್ ಒಮ್ಮೆಲೇ ಜೋರಾಗಿ ಕೂಗುತ್ತದೆ, ಮೂತಿ ಮೇಲೇಳುತ್ತದೆ, ಯಾರೂ ಏನೂ ಹೇಳುವುದಿಲ್ಲ. ಹೇಳಲು ಪೈಲಟ್‌ಗಳಿಗೆ ಆ ಎರಡು ನಿಮಿಷ ಪುರುಸೊತ್ತೇ ಇರುವುದಿಲ್ಲ. ಆದರೆ ಇದು ಅವರು ಮತ್ತೆ ಮತ್ತೆ ಅಭ್ಯಾಸ ಮಾಡಿದ ಕೆಲಸ. ನಾನು ಹಲವು ವರ್ಷ ಟವರ್‌ನಲ್ಲಿ ಕೂತು ಕೆಲಸ ಮಾಡಿದವನು. ರನ್‌ವೇ ಖಾಲಿ ಇದೆಯೋ ಇಲ್ಲವೋ ಎಂಬ ಸಣ್ಣ ಅನುಮಾನ ಬಂದಾಗಲೂ "ಗೋ ಅರೌಂಡ್" ಎಂದು ಹೇಳಿದ್ದೇನೆ. ಹಾಗೆ ಹೇಳಿದ್ದಕ್ಕೆ ಒಮ್ಮೆಯೂ ಪಶ್ಚಾತ್ತಾಪ ಪಟ್ಟಿಲ್ಲ.

ಇನ್ನು ಎರಡು ರನ್‌ವೇ ಪ್ರಶ್ನೆ. ನಿಮ್ಮ ಪಕ್ಕದ ಸೀಟಿನವರು ಹೇಳಿದ್ದು ನಿಜ. ಮುಂಬೈನಲ್ಲಿ ಎರಡಿವೆ. ಒಂದು ಸುಮಾರು 3.4 ಕಿಲೋಮೀಟರ್ ಉದ್ದದ್ದು, ಪೂರ್ವ-ಪಶ್ಚಿಮವಾಗಿದೆ. ಇನ್ನೊಂದು ಸ್ವಲ್ಪ ಚಿಕ್ಕದು, ಓರೆಯಾಗಿದೆ. ತೊಂದರೆ ಏನೆಂದರೆ ಅವು ಅಕ್ಕಪಕ್ಕ ಇಲ್ಲ, ಕತ್ತರಿಯ ಹಾಗೆ ಒಂದನ್ನೊಂದು ಅಡ್ಡ ಹಾಯುತ್ತವೆ. ಒಂದರ ಮೇಲೆ ವಿಮಾನ ಓಡುತ್ತಿದ್ದರೆ ಇನ್ನೊಂದನ್ನು ಮುಟ್ಟುವ ಹಾಗಿಲ್ಲ. ಹಾಗಾಗಿ ಕೆಲಸದ ಮಟ್ಟಿಗೆ ಅದು ಒಂದೇ ರನ್‌ವೇ. ದಿನವೆಲ್ಲ ದೊಡ್ಡದೇ ದುಡಿಯುತ್ತದೆ. ದೊಡ್ಡದು ರಿಪೇರಿಗೆ ಹೋದಾಗ ಚಿಕ್ಕದಕ್ಕೆ ಪಾಳಿ ಬರುತ್ತದೆ. ಚಿಕ್ಕದಕ್ಕೆ ಒಂದು ಕಡೆಯಿಂದ ಬರಬೇಕೆಂದರೆ ಟ್ರಾಂಬೆಯ ಗುಡ್ಡ ಬೇರೆ ಅಡ್ಡ. ಮಳೆಗಾಲ ಮುಗಿದ ಮೇಲೆ ಒಂದು ದಿನ ಬೆಳಿಗ್ಗೆ 11ರಿಂದ ಸಂಜೆ 5ರವರೆಗೆ ಎರಡನ್ನೂ ಮುಚ್ಚಿ ಡಾಂಬರು, ದೀಪ, ಬಣ್ಣದ ಗೆರೆ ಎಲ್ಲ ಸರಿಮಾಡುತ್ತಾರೆ. 2023ರಲ್ಲೂ 2024ರಲ್ಲೂ ಅದು ಅಕ್ಟೋಬರ್ 17ಕ್ಕೆ ಬಿದ್ದಿತ್ತು.

ಬೆಂಗಳೂರಿನದು ಬೇರೆ ಕಥೆ. 2008ರ ಮೇ ತಿಂಗಳಲ್ಲಿ ದೇವನಹಳ್ಳಿಯ ನಿಲ್ದಾಣ ಶುರುವಾದಾಗ ಅಲ್ಲೂ ಒಂದೇ ರನ್‌ವೇ. 2019ರ ಡಿಸೆಂಬರ್‌ನಲ್ಲಿ ಎರಡನೆಯದು ಬಂತು. ಅದನ್ನು ಮೊದಲಿನದಕ್ಕೆ ಸಮಾನಾಂತರವಾಗಿ, ದೂರದಲ್ಲಿ ಹಾಕಿದರು. ಎರಡು ರನ್‌ವೇಗಳ ನಡುಗೆರೆಗಳ ಮಧ್ಯೆ ಕಡಿಮೆ ಎಂದರೂ 1,035 ಮೀಟರ್ ಇದ್ದರೆ, ಸರಿಯಾದ ರೇಡಾರ್ ಸೌಲಭ್ಯ ಇದ್ದರೆ, ಎರಡರ ಮೇಲೂ ಒಂದರ ಗೊಡವೆ ಇನ್ನೊಂದಕ್ಕಿಲ್ಲದೆ ವಿಮಾನ ಇಳಿಸಬಹುದು ಎಂಬುದು ಅಂತರರಾಷ್ಟ್ರೀಯ ನಿಯಮ. ಬೆಂಗಳೂರಿಗೆ ಸುಮಾರು 4,000 ಎಕರೆ ಜಾಗ ಸಿಕ್ಕಿತು, ಹಾಗಾಗಿ ಅದು ಸಾಧ್ಯವಾಯಿತು. ಮುಂಬೈ ನಿಲ್ದಾಣಕ್ಕೆ ಇರುವುದು 1,850 ಎಕರೆಯ ಆಸುಪಾಸು. ಸುತ್ತ ಕುರ್ಲಾ, ಅಂಧೇರಿ, ಸಾಂತಾಕ್ರೂಝ್. ಗೋಡೆಗೆ ಒತ್ತಿಕೊಂಡೇ ಮನೆಗಳು. ಕೆಳಗೆ ಮಿಠಿ ನದಿ. ಸಮಾನಾಂತರ ರನ್‌ವೇ ಹಾಕಲು ಅಲ್ಲಿ ಜಾಗ ಎಲ್ಲಿದೆ ಹೇಳಿ?

ಹಾಗಾದರೆ ಒಂದು ರನ್‌ವೇ ಗಂಟೆಗೆ ಎಷ್ಟು ವಿಮಾನ ತಡೆದುಕೊಳ್ಳುತ್ತದೆ? ನನಗೆ ಬಹಳ ಇಷ್ಟವಾದ ಲೆಕ್ಕ ಇದು. ಸ್ವಲ್ಪ ತಾಳ್ಮೆಯಿಂದ ಓದಿ, ಕಷ್ಟ ಇಲ್ಲ.

ಮದುವೆ ಮನೆಯ ಪಂಕ್ತಿ ನೆನಪಿಸಿಕೊಳ್ಳಿ. ಮೊದಲನೇ ಪಂಕ್ತಿಯವರು ಎದ್ದು, ಎಲೆ ಎತ್ತಿ, ನೆಲ ಒರೆಸುವವರೆಗೆ ಎರಡನೇ ಪಂಕ್ತಿ ಕೂರುವ ಹಾಗಿಲ್ಲ. ರನ್‌ವೇನೂ ಹಾಗೇ. ಇಳಿದ ವಿಮಾನ ಪೂರ್ತಿ ಹೊರಗೆ ಹೋಗುವವರೆಗೆ ಮುಂದಿನದು ಬರುವಂತಿಲ್ಲ. ಇಳಿದ ವಿಮಾನ ಓಡಿ, ವೇಗ ತಗ್ಗಿಸಿ, ಪಕ್ಕದ ಟ್ಯಾಕ್ಸಿವೇಗೆ, ಅಂದರೆ ರನ್‌ವೇಯಿಂದ ಹೊರಗೆ ಹೋಗುವ ದಾರಿಗೆ, ತಿರುಗಲು ಸುಮಾರು 50ರಿಂದ 60 ಸೆಕೆಂಡ್ ಬೇಕು. ತಿರುವು ಓರೆಯಾಗಿದ್ದರೆ ವೇಗದಲ್ಲೇ ಹೊರಗೆ ಹೋಗಬಹುದು. ನೇರ ಲಂಬವಾಗಿದ್ದರೆ ಬಹಳ ನಿಧಾನ ಮಾಡಬೇಕು. ಈ ಹತ್ತು ಸೆಕೆಂಡಿನ ವ್ಯತ್ಯಾಸಕ್ಕಾಗಿ ನಿಲ್ದಾಣಗಳು ಕೋಟಿಗಟ್ಟಲೆ ಖರ್ಚು ಮಾಡಿ ಓರೆ ತಿರುವು ಕಟ್ಟುತ್ತವೆ. ಕೆಲವು ಸಣ್ಣ ನಿಲ್ದಾಣಗಳಲ್ಲಿ ಉದ್ದಕ್ಕೂ ಟ್ಯಾಕ್ಸಿವೇ ಇರುವುದಿಲ್ಲ. ಇಳಿದ ವಿಮಾನ ರನ್‌ವೇ ತುದಿಯಲ್ಲಿ ತಿರುಗಿ ಅದೇ ರನ್‌ವೇ ಮೇಲೆ ವಾಪಸ್ ಬರಬೇಕು. ಅಲ್ಲಿ ಒಂದು ವಿಮಾನಕ್ಕೇ ನಾಲ್ಕೈದು ನಿಮಿಷ ಹೋಯಿತು. ದಿನಕ್ಕೆ ಹತ್ತು ವಿಮಾನ ಇರುವ ಊರಲ್ಲಿ ಅದು ಯಾರಿಗೂ ಗೊತ್ತಾಗುವುದಿಲ್ಲ.

ಈಗ ಆಕಾಶದಲ್ಲಿ ಬಿಡಬೇಕಾದ ಅಂತರ. ಒಂದೇ ರನ್‌ವೇ ಇಳಿಯುವುದಕ್ಕೂ ಬೇಕು, ಏರುವುದಕ್ಕೂ ಬೇಕು. ಹಾಗಾಗಿ ಇಳಿಯುವ ಎರಡು ವಿಮಾನಗಳ ನಡುವೆ, ಒಂದು ವಿಮಾನ ಹಾರಿಹೋಗುವಷ್ಟು ಸಂದು ಬಿಡಬೇಕು. ಆ ಸಂದು ಸುಮಾರು 6 ನಾಟಿಕಲ್ ಮೈಲಿ, ಅಂದರೆ 11 ಕಿಲೋಮೀಟರ್, ಎಂದಿಟ್ಟುಕೊಳ್ಳಿ. ಇಳಿಯಲು ಬರುವ ಏರ್‌ಬಸ್ 320ರ ವೇಗ ಗಂಟೆಗೆ ಸುಮಾರು 140 ನಾಟಿಕಲ್ ಮೈಲಿ. 6 ಮೈಲಿ ದಾಟಲು 154 ಸೆಕೆಂಡ್ ಬೇಕು. ಗಂಟೆಗೆ 3,600 ಸೆಕೆಂಡ್, ಅದರಲ್ಲಿ ಇಂಥ 23 ಸಂದು ಸಿಗುತ್ತವೆ. ಒಂದು ಇಳಿಯುತ್ತದೆ, ಒಂದು ಏರುತ್ತದೆ. ಒಟ್ಟು 46. ಮುಂಬೈನ ದೊಡ್ಡ ರನ್‌ವೇಗೆ ದಟ್ಟಣೆಯ ಹೊತ್ತಿನಲ್ಲಿ ವರ್ಷಗಟ್ಟಲೆ ಇಟ್ಟಿದ್ದ ಮಿತಿಯೂ ಗಂಟೆಗೆ 46!

ಆದರೆ ಕಾಗದದ ಮೇಲಿನ 46 ಆಕಾಶದಲ್ಲಿ ಸುಲಭವಾಗಿ ಸಿಗುವುದಿಲ್ಲ. ಸಂಜೆ ಸಮುದ್ರದ ಕಡೆಯಿಂದ ಗಾಳಿ ಜೋರಾಗಿ ಬೀಸಿತು ಎನ್ನಿ. 20 ನಾಟ್, ಅಂದರೆ ಗಂಟೆಗೆ 20 ನಾಟಿಕಲ್ ಮೈಲಿ, ಎದುರುಗಾಳಿ ಇದ್ದರೆ ವಿಮಾನ ನೆಲದ ಲೆಕ್ಕದಲ್ಲಿ ಬರುವುದು 120ರ ವೇಗದಲ್ಲಿ. ಅದೇ 6 ಮೈಲಿಗೆ 180 ಸೆಕೆಂಡ್. ಗಂಟೆಗೆ 20 ಇಳಿದವು, 20 ಏರಿದವು. 46 ಇದ್ದದ್ದು 40 ಆಯಿತು. ಆರು ವಿಮಾನ ಎಲ್ಲಿ ಹೋದವು? ಮೇಲೆ ಸುತ್ತುತ್ತಿವೆ ಅಥವಾ ಕೆಳಗೆ ಸಾಲಿನಲ್ಲಿ ನಿಂತಿವೆ. ಲಂಡನ್ನಿನ ಹೀಥ್ರೂನಲ್ಲಿ ಇದಕ್ಕಾಗಿಯೇ 2015ರಲ್ಲಿ ಮೈಲಿಯ ಬದಲು ಸೆಕೆಂಡಿನ ಲೆಕ್ಕದಲ್ಲಿ ಅಂತರ ಬಿಡುವ ಪದ್ಧತಿ ತಂದರು. ಎದುರುಗಾಳಿ ಜಾಸ್ತಿಯಾದ ಹಾಗೆ ಮೈಲಿಯ ಅಂತರ ಕಡಿಮೆ ಮಾಡುತ್ತಾರೆ.

ಇನ್ನೊಂದು ತೊಡಕು, ಎಲ್ಲ ವಿಮಾನಗಳೂ ಒಂದೇ ಥರ ಅಲ್ಲ. ನೀವು ಶಿರಾಡಿ ಘಾಟಿಯಲ್ಲಿ ಓಡಾಡಿರುತ್ತೀರಿ. ಮುಂದೆ ಒಂದು ಲಾರಿ ಸಿಕ್ಕಿದರೆ ಹಿಂದಿನ ಕಾರುಗಳ ಪಾಡೇನು? ರೆಕ್ಕೆಯಲ್ಲಿ ಫ್ಯಾನು ತಿರುಗುವ ಎಟಿಆರ್ ಇದೆಯಲ್ಲ, ಅದು ಇಳಿಯಲು ಬರುವುದು 115ರ ಆಸುಪಾಸಿನ ವೇಗದಲ್ಲಿ. ಕೊನೆಯ 6 ಮೈಲಿಯಲ್ಲೇ ಹಿಂದಿನ ಏರ್‌ಬಸ್ ಅದಕ್ಕಿಂತ ಅರ್ಧ ನಿಮಿಷಕ್ಕೂ ಹೆಚ್ಚು ಬೇಗ ಬಂದುಬಿಡುತ್ತದೆ. ಹಾಗಾಗಿ ಮೊದಲೇ ಅಷ್ಟು ಜಾಸ್ತಿ ಅಂತರ ಬಿಡಬೇಕು. ದೊಡ್ಡ ವಿಮಾನದ್ದು ಬೇರೆ ತಕರಾರು. ಬೋಯಿಂಗ್ 777 ತನ್ನ ಹಿಂದೆ ಗಾಳಿಯ ಸುಳಿ ಬಿಟ್ಟು ಹೋಗುತ್ತದೆ. ಕಣ್ಣಿಗೆ ಕಾಣುವುದಿಲ್ಲ, ಆದರೆ ಹಿಂದಿನ ಸಣ್ಣ ವಿಮಾನವನ್ನು ಮಗುಚಿಹಾಕುವಷ್ಟು ಜೋರು. ಅದರ ಹಿಂದೆ ಇಳಿಯುವ ಏರ್‌ಬಸ್ 320ಕ್ಕೆ ಕನಿಷ್ಠ 5 ಮೈಲಿ, ಅದಕ್ಕಿಂತಲೂ ದೊಡ್ಡದಾದ ಎ380ಯ ಹಿಂದಾದರೆ 7 ಮೈಲಿ ಅಂತರ ಬೇಕು. ಹಾರುವಾಗಲೂ ದೊಡ್ಡದು ಹೋದ ಮೇಲೆ ಎರಡು ನಿಮಿಷ ಕಾಯಬೇಕು. ಟವರ್‌ನಲ್ಲಿ ಕೂತವನಿಗೆ ಇದೆಲ್ಲ ಚದುರಂಗದ ಹಾಗೆ. ಯಾವುದರ ಹಿಂದೆ ಯಾವುದನ್ನು ಹಾಕಿದರೆ ಸಂದು ಕಡಿಮೆ ಹಾಳಾಗುತ್ತದೆ ಎಂದು ಸದಾ ತಲೆ ಓಡುತ್ತಿರುತ್ತದೆ.

ಆ ಸಂದಿನಲ್ಲಿ ಹಾರಬೇಕಾದ ವಿಮಾನ ಹತ್ತು ಸೆಕೆಂಡ್ ತಡಮಾಡಿದರೂ ಹಿಂದಿನದು ಬಂದೇಬಿಟ್ಟಿರುತ್ತದೆ. ನಿಮ್ಮ ಗೋ ಅರೌಂಡ್ ಹೀಗೇ ಆಗಿರಬಹುದು. 2024ರ ಜೂನ್ 8ರಂದು ಮುಂಬೈನಲ್ಲಿ ಒಂದು ವಿಮಾನ ಇನ್ನೂ ನೆಲ ಬಿಡುವ ಹೊತ್ತಿಗೆ ಅದರ ಹಿಂದೆಯೇ ಇನ್ನೊಂದು ಅದೇ ರನ್‌ವೇಗೆ ಇಳಿದ ವೀಡಿಯೊ ನೀವೂ ನೋಡಿರಬಹುದು. ಯಾರಿಗೂ ಏನೂ ಆಗಲಿಲ್ಲ. ಆದರೆ ಅದನ್ನು ನೋಡಿ ನನ್ನ ಮೈ ತಣ್ಣಗಾಗಿತ್ತು. ಅಂಥ ಹೊತ್ತಿನಲ್ಲಿ ಮೇಲೆ ಹಾರಿಸಿ ಮತ್ತೊಂದು ಸುತ್ತು ಹಾಕಿಸುವುದೇ ಸರಿ. ಜನ ಬೈದರೂ ಪರವಾಗಿಲ್ಲ.

ಈಗ ನಿಮ್ಮ ಮುಕ್ಕಾಲು ಗಂಟೆಯ ವಿಷಯ. ಗಂಟೆಗೆ 46 ವಿಮಾನದ ಶಕ್ತಿ ಇದ್ದರೆ 46 ಬರಲಿ, ಅಲ್ಲಿಗೆ ಸರಿಹೋಯಿತಲ್ಲ ಎಂದು ಎಲ್ಲರಿಗೂ ಅನಿಸುತ್ತದೆ. ಇಲ್ಲೇ ಜನ ಎಡವುವುದು. ವಿಮಾನಗಳು ಮಣಿ ಪೋಣಿಸಿದ ಹಾಗೆ ಬರುವುದಿಲ್ಲ. ಒಮ್ಮೆ ಐದು ಒಟ್ಟಿಗೆ ಬರುತ್ತವೆ, ಆಮೇಲೆ ಎರಡು ನಿಮಿಷ ಏನೂ ಇಲ್ಲ. ಆ ಖಾಲಿ ಹೋದ ಎರಡು ನಿಮಿಷ ಮತ್ತೆ ವಾಪಸ್ ಸಿಗುವುದಿಲ್ಲ.

ಸರತಿ ಸಾಲಿನ ಸರಳ ಲೆಕ್ಕ ಹಾಕಿದರೆ ಹೀಗೆ ಬರುತ್ತದೆ. 46ರ ಶಕ್ತಿಯ ರನ್‌ವೇಗೆ ಗಂಟೆಗೆ 40 ವಿಮಾನ ಬಂದರೆ ಪ್ರತಿ ವಿಮಾನ ಸರಾಸರಿ ನಾಲ್ಕು ನಿಮಿಷ ಚಿಲ್ಲರೆ ಕಾಯುತ್ತದೆ. 42 ಬಂದರೆ ಏಳು ನಿಮಿಷ. 44 ಬಂದರೆ ಹದಿನಾಲ್ಕು. 45 ಬಂದರೆ ಇಪ್ಪತ್ತೊಂಬತ್ತು! ಇದು ಸರಾಸರಿ ಮಾತ್ರ. ಕೆಲವರಿಗೆ ಅದರ ದುಪ್ಪಟ್ಟು. ಕಾಗದದ ಲೆಕ್ಕ ಆಕಾಶಕ್ಕೆ ಹಾಗೇ ಕೂರುವುದಿಲ್ಲ ನಿಜ, ಆದರೆ ಅದರ ಸ್ವಭಾವ ಹೀಗೇ. ಕೊನೆಯ ಎರಡು ವಿಮಾನ ತೆಗೆದರೆ ಎಲ್ಲರ ಕಾಯುವಿಕೆ ಅರ್ಧಕ್ಕೆ ಇಳಿಯುತ್ತದೆ. ಆ ಖಾಲಿ ಬಿಟ್ಟ ಎರಡು ಜಾಗವನ್ನು ದಂಡ ಎಂದುಕೊಳ್ಳುವವರು ಬಹಳ ಜನ. ನಿಲ್ದಾಣ ನಡೆಸುವವರಲ್ಲೂ ಇದ್ದಾರೆ. ಬಾಕಿ ನಲವತ್ತನಾಲ್ಕು ವಿಮಾನ ಸಮಯಕ್ಕೆ ಸರಿಯಾಗಿ ಓಡುವುದು ಆ ಖಾಲಿ ಜಾಗದಿಂದಲೇ.

ಮುಂಬೈ ಎಷ್ಟು ಅಂಚಿನಲ್ಲಿ ಓಡುತ್ತದೆ ಎಂದು ತಿಳಿಯಲು ಒಂದು ಅಂಕಿ ಸಾಕು. 2023ರ ನವೆಂಬರ್ 11ರಂದು ಅಲ್ಲಿ ಒಂದೇ ದಿನ 1,032 ವಿಮಾನಗಳು ಇಳಿದು ಏರಿದವು. ಭಾಗಿಸಿ ನೋಡಿ. ನಡುರಾತ್ರಿಯೂ ಸೇರಿ ಗಂಟೆಗೆ 43. ನಿಯಂತ್ರಕರ ಮಟ್ಟಿಗೆ ಅದು ದೊಡ್ಡ ಸಾಧನೆ, ನಾನು ಮನಸಾರೆ ಮೆಚ್ಚುತ್ತೇನೆ. ಆದರೆ ಅಂಥ ದಿನ ಒಂದು ವಿಮಾನದ ಟೈರು ಒಡೆದರೂ, ಒಂದು ನಾಯಿ ರನ್‌ವೇಗೆ ನುಗ್ಗಿದರೂ ತಡವಾದದ್ದನ್ನು ಸರಿದೂಗಿಸಲು ಬಿಡುವೇ ಇರುವುದಿಲ್ಲ.

2024ರ ಫೆಬ್ರವರಿಯಲ್ಲಿ ಸರ್ಕಾರವೇ ಮಧ್ಯೆ ಬಂತು. ಮುಂಬೈ ಮೇಲೆ ವಿಮಾನಗಳು 40ರಿಂದ 60 ನಿಮಿಷ ಸುತ್ತುತ್ತಿವೆ, ಗಂಟೆಗೆ ಸುಮಾರು 2,000 ಕೆಜಿ ಇಂಧನ ಉರಿಯುತ್ತಿದೆ, 40 ನಿಮಿಷ ಸುತ್ತಿದರೆ ಸುಮಾರು 1.8 ಲಕ್ಷ ರೂಪಾಯಿ ಹೊಗೆಯಾಯಿತು ಎಂದು ವಿಮಾನಯಾನ ಸಚಿವಾಲಯ ಲೆಕ್ಕ ಕೊಟ್ಟಿತು. ಕಾರಣವನ್ನೂ ಮುಚ್ಚಿಡಲಿಲ್ಲ. ಬಿಡುವು ಇಡದೆ ಜಾಸ್ತಿ ಸ್ಲಾಟ್ (ಇಳಿಯಲು, ಏರಲು ಗೊತ್ತುಮಾಡಿದ ಸಮಯ) ಹಂಚಿದ್ದಾರೆ, ವಿಮಾನ ಕಂಪನಿಗಳು ಕೊಟ್ಟ ಸಮಯಕ್ಕೆ ಸರಿಯಾಗಿ ಬರುತ್ತಿಲ್ಲ, ದಟ್ಟಣೆಯ ಹೊತ್ತಿನಲ್ಲೇ ಖಾಸಗಿ ವಿಮಾನಗಳೂ ನುಗ್ಗುತ್ತಿವೆ. ಆಮೇಲೆ ಮಿತಿಯನ್ನು ದಟ್ಟಣೆಯ ಹೊತ್ತಿನಲ್ಲಿ 46ರಿಂದ 44ಕ್ಕೆ, ಉಳಿದ ಹೊತ್ತಿನಲ್ಲಿ 44ರಿಂದ 42ಕ್ಕೆ ಇಳಿಸಿದರು. ಬರೀ ಎರಡೆರಡು ಕಡಿಮೆ ಮಾಡಿ ಏನು ಪ್ರಯೋಜನ ಎಂದು ಆಗ ತುಂಬಾ ಜನ ಕೇಳಿದರು. ಮೇಲಿನ ಲೆಕ್ಕ ನೋಡಿದ ನಿಮಗೆ ಆ ಪ್ರಶ್ನೆ ಬರುವುದಿಲ್ಲ ಅಂದುಕೊಳ್ಳುತ್ತೇನೆ.

ಲಂಡನ್ನಿನ ಗ್ಯಾಟ್ವಿಕ್‌ನಲ್ಲಿ ಒಂದೇ ರನ್‌ವೇ ಮೇಲೆ ಗಂಟೆಗೆ 55 ಮಾಡುತ್ತಾರಲ್ಲ ಎಂದು ಕೆಲವರು ವಾದಿಸುತ್ತಾರೆ. ಮಾಡುತ್ತಾರೆ, ನಿಜ. ಸರಿಯಾದ ಜಾಗದಲ್ಲಿ ಓರೆ ತಿರುವುಗಳು, ಹೆಚ್ಚುಕಡಿಮೆ ಒಂದೇ ಅಳತೆಯ ವಿಮಾನಗಳು, ಹಾರಿದ ಕೂಡಲೇ ಬೇರೆ ಬೇರೆ ದಿಕ್ಕಿಗೆ ಕವಲೊಡೆಯುವ ದಾರಿಗಳು, ಇವೆಲ್ಲ ಅವರಿಗಿವೆ. ಆದರೂ ಅಲ್ಲಿನ ಪ್ರಯಾಣಿಕರು ತಡವಾಗುವುದರ ಬಗ್ಗೆ ಗೊಣಗುತ್ತಲೇ ಇರುತ್ತಾರೆ.

ಜಾಗ ಇಲ್ಲದಿದ್ದರೆ ಮಂಗಳೂರಿನಿಂದ ಬಿಟ್ಟದ್ದೇಕೆ ಎಂಬ ನಿಮ್ಮ ಪ್ರಶ್ನೆ ತುಂಬಾ ಸರಿಯಾದದ್ದು. ಈಗ ಅದಕ್ಕೊಂದು ವ್ಯವಸ್ಥೆ ಇದೆ. ದೆಹಲಿಯಲ್ಲಿ ಒಂದು ಕೇಂದ್ರ ಕೂತು, ಯಾವ ಊರಿಗೆ ಯಾವ ಗಂಟೆಗೆ ಎಷ್ಟು ವಿಮಾನ ಬರುತ್ತವೆ ಎಂದು ಮುಂಚಿತವಾಗಿ ನೋಡುತ್ತದೆ. ಮುಂಬೈಗೆ ಜಾಸ್ತಿಯಾಗುತ್ತದೆ ಎನಿಸಿದರೆ ಮಂಗಳೂರಿನ ವಿಮಾನಕ್ಕೆ ಇಷ್ಟು ಗಂಟೆಗೇ ಹೊರಡಬೇಕು ಎಂದು ಹೊಸ ಸಮಯ ಕೊಡುತ್ತದೆ. ಬಾಗಿಲು ಹಾಕಿ, ಬೆಲ್ಟ್ ಕಟ್ಟಿಸಿ, ಸುಮ್ನೆ ಅರ್ಧ ಗಂಟೆ ನಿಲ್ಲಿಸಿದರು ಎಂದು ಜನ ಸಿಟ್ಟಾಗುತ್ತಾರಲ್ಲ, ಎಷ್ಟೋ ಸಲ ಕಾರಣ ಇದೇ. ನೆಲದ ಮೇಲೆ ಕಾಯುವುದು ಎಷ್ಟೋ ಮೇಲು. ಇಂಧನ ಉಳಿಯುತ್ತದೆ, ಭಯವೂ ಇಲ್ಲ. ಆದರೆ ಎಲ್ಲವನ್ನೂ ನೆಲದ ಮೇಲೇ ಹಿಡಿಯಲು ಆಗುವುದಿಲ್ಲ. ದುಬೈನಿಂದ, ಲಂಡನ್ನಿನಿಂದ ಹೊರಟವು ಆಗಲೇ ಗಾಳಿಯಲ್ಲಿರುತ್ತವೆ. ಮುಂಬೈ ಗಾಳಿ ಅರ್ಧ ಗಂಟೆಯಲ್ಲಿ ಬದಲಾದರೆ ಮುಂಚಿನ ಲೆಕ್ಕ ತಪ್ಪುತ್ತದೆ. ಅದೂ ಅಲ್ಲದೆ ರನ್‌ವೇ ಒಂದು ನಿಮಿಷವೂ ಖಾಲಿ ಹೋಗದಿರಲಿ ಎಂದು ಎರಡು ಮೂರು ವಿಮಾನಗಳನ್ನು ಬೇಕೆಂದೇ ಮೇಲೆ ಇಟ್ಟುಕೊಂಡಿರುತ್ತೇವೆ. ಎರಡು ಮೂರು ಸರಿ, ಹದಿನೈದು ಸರಿಯಲ್ಲ.

ನನಗೆ ನಿಜವಾಗಿ ಚಿಂತೆ ಇರುವುದು ಬೇರೆ. ಒಂದು ಸ್ಲಾಟಿನಲ್ಲಿ 78 ಸೀಟಿನ ಎಟಿಆರ್ ಕೂಡ ಇಳಿಯಬಹುದು, 232 ಸೀಟಿನ ಏರ್‌ಬಸ್ 321 ಕೂಡ ಇಳಿಯಬಹುದು. ರನ್‌ವೇಗೆ ಎರಡೂ ಒಂದೇ ಲೆಕ್ಕ. ಹಾಗಾದಾಗ ಮೊದಲು ಜಾಗ ಕಳೆದುಕೊಳ್ಳುವುದು ಯಾರು? ಸಣ್ಣ ವಿಮಾನಗಳನ್ನೇ ನಂಬಿದ ಬೆಳಗಾವಿ, ಕಲಬುರಗಿಯಂಥ ಊರಿನವರು. ಚಿಕಿತ್ಸೆಗೆ, ಕೋರ್ಟಿಗೆ, ವ್ಯಾಪಾರಕ್ಕೆ ಹೋಗುವ ಅವರಿಗೆ ನಡುರಾತ್ರಿಯ ಸ್ಲಾಟ್ ಕೊಟ್ಟರೆ ಏನು ಉಪಯೋಗ? ಸಣ್ಣ ಊರಿನ ವಿಮಾನಗಳಿಗೆ ಬೆಳಿಗ್ಗೆ ಒಂದಿಷ್ಟು, ಸಂಜೆ ಒಂದಿಷ್ಟು ಸ್ಲಾಟ್ ಮೀಸಲಿಡಲೇಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ. 2025ರ ಅಕ್ಟೋಬರ್ 8ರಂದು ನವಿ ಮುಂಬೈ ನಿಲ್ದಾಣದ ಉದ್ಘಾಟನೆಯಾಯಿತು, ಡಿಸೆಂಬರ್‌ನಲ್ಲಿ ವಿಮಾನಗಳು ಶುರುವಾದವು. ಅಲ್ಲಿಗೆ ಹೋದ ಪ್ರತಿ ವಿಮಾನವೂ ಹಳೆಯ ರನ್‌ವೇಗೆ ಸ್ವಲ್ಪ ಉಸಿರು ಕೊಡುತ್ತದೆ. ಆ ಉಸಿರನ್ನು ಮತ್ತೆ ಹೊಸ ಸ್ಲಾಟ್ ಮಾಡಿ ತುಂಬಿಬಿಟ್ಟರೆ ನಾವು ಇದ್ದಲ್ಲೇ ಇರುತ್ತೇವೆ. ಬೆಂಗಳೂರಿಗೂ ಎರಡನೇ ನಿಲ್ದಾಣದ ಮಾತು ನಡೆದಿದೆ. ಈಗಿನ ನಿಲ್ದಾಣದ ಒಪ್ಪಂದದ ಪ್ರಕಾರ, ಮೈಸೂರು, ಹಾಸನ ಬಿಟ್ಟರೆ, 150 ಕಿಲೋಮೀಟರ್ ಒಳಗೆ 2033ರವರೆಗೆ ಹೊಸದು ಬರುವಂತಿಲ್ಲ. ಜಾಗ ಗುರುತಿಸಲು ಈಗಲೇ ಹೊರಟಿದ್ದಾರೆ, ಒಳ್ಳೆಯದು. ಎರಡು ಸಮಾನಾಂತರ ರನ್‌ವೇಗೆ ಸಾಕಾಗುವಷ್ಟು ಭೂಮಿಯನ್ನು ಮೊದಲ ದಿನವೇ ನೋಡಿಟ್ಟುಕೊಳ್ಳಲಿ. ಸುತ್ತ ಮನೆಗಳು ಎದ್ದ ಮೇಲೆ ಯಾರೂ ಏನೂ ಮಾಡಲಾಗುವುದಿಲ್ಲ.

ಮುಂದಿನ ಸಲ ಟಿಕೆಟ್ ಮಾಡಿಸುವಾಗ ಹೊರಡುವ ಗಂಟೆಗಿಂತ ಮುಂಬೈ ಮುಟ್ಟುವ ಗಂಟೆ ನೋಡಿ. ಬೆಳಿಗ್ಗೆ 8ರಿಂದ 11, ಸಂಜೆ 5ರಿಂದ 8, ರಾತ್ರಿ 9.15ರಿಂದ 11.15, ಇವು ಅಲ್ಲಿನ ದಟ್ಟಣೆಯ ಹೊತ್ತು ಎಂದು ಆ 2024ರ ಆದೇಶದಲ್ಲೇ ಇದೆ. ಮಧ್ಯಾಹ್ನ ಮುಟ್ಟುವ ವಿಮಾನ ಸಿಕ್ಕಿದರೆ ಒಳ್ಳೆಯದು. ಮುಂಬೈನಲ್ಲಿ ಬೇರೆ ವಿಮಾನ ಹಿಡಿಯುವುದಿದ್ದರೆ ನಡುವೆ ಮೂರು ಗಂಟೆಯಾದರೂ ಇರಲಿ.

ಮತ್ತೆ ಸುತ್ತಿಸಿದರೆ ಕಿಟಕಿಯಿಂದ ನೋಡಿ. ವಿಮಾನ ಒಂದು ನಿಮಿಷ ತಿರುಗುತ್ತದೆ, ಒಂದು ನಿಮಿಷ ನೇರ ಹೋಗುತ್ತದೆ, ಮತ್ತೆ ಒಂದು ನಿಮಿಷ ತಿರುಗಿ ಒಂದು ನಿಮಿಷ ನೇರ. ಒಂದು ಸುತ್ತಿಗೆ ನಾಲ್ಕು ನಿಮಿಷ. ನಿಮ್ಮ ಕೆಳಗೆ ಸಾವಿರ ಅಡಿಗೆ ಇನ್ನೊಂದು ವಿಮಾನ, ಅದರ ಕೆಳಗೆ ಮತ್ತೊಂದು. ತಳದ್ದು ಇಳಿಯಲು ಹೊರಟಾಗ ಉಳಿದವು ಒಂದೊಂದೇ ಮೆಟ್ಟಿಲು ಇಳಿಯುತ್ತವೆ. ವಿಮಾನ ಸ್ವಲ್ಪ ಕೆಳಗೆ ಬಂದ ಹಾಗೆ ಅನಿಸಿತೋ, ಸಾಲು ಮುಂದಕ್ಕೆ ಹೋಯಿತು ಎಂದು ತಿಳಿಯಿರಿ. ಮಗಳಿಗೂ ಒಂದು ಮಾತು ಹೇಳಿಡಿ. ವಿಮಾನ ಎಲ್ಲಿದೆ ಎಂದು ಫೋನಿನ ನಕ್ಷೆಯಲ್ಲಿ ಕಾಣುತ್ತದೆ. ಆ ಸುತ್ತುವ ಗೆರೆ ಬಿಚ್ಚಿ ನೇರವಾದ ಮೇಲೆ ಅಳಿಯ ಕಾರು ತೆಗೆದರೆ ಸಾಕು.